ಇಲಿ ಕೊರೆದ ಕೋಣೆ

ನಮ್ಮ ಬಂಡೆಮನೆಯನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು, ಇದನ್ನು ಕೊರೆದವರು ಯಾರು ಅಂತ. ನಾನು ಅವರಿಗೆ ಬೆಲ್ಲ ನೀರು ಕೊಟ್ಟು, ಯಾರ ಕೋಣೆಯ ವಿಷಯ ಕೇಳುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ನನ್ನ ಕೋಣೆಯ ವಿಷಯವಾದರೆ ನನಗೆ ಚೆನ್ನಾಗಿ ಗೊತ್ತು. ಗುಡ್ಡದ ತಾಯಿ ಬಿಸಿಲಲ್ಲಿ ನಡೆದು ಸುಸ್ತಾಗಿ ಬಂದು, ಬಂಡೆಯಿನ್ನೂ ನಾದಿಟ್ಟ ಹಿಟ್ಟಿನಂತೆ ಮೆತ್ತಗಿದ್ದ ಕಾಲದಲ್ಲಿ, ಅದಕ್ಕೆ ಬೆನ್ನು ಕೊಟ್ಟು ಕೂತಳು. ಅವಳು ಎದ್ದು ಹೋದ ಮೇಲೆ ಉಳಿದ ತಗ್ಗೇ ನನ್ನ ಕೋಣೆ. ಹಿಂಗೋಡೆಗೆ ಒರಗಿದರೆ ಬೆನ್ನಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ವೈಶಾಖದಲ್ಲೂ ತಂಪು. ಇಡೀ ಮನೆಯಲ್ಲಿ ಇಷ್ಟು ಒಳ್ಳೆಯ ಕೋಣೆ ಇನ್ನೊಂದಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದವಳು ನಾನು, ಮತ್ತು ಅದು ಸುಳ್ಳೇನೂ ಆಗಿರಲಿಲ್ಲ.

ಬಂಡೆಮನೆಯ ಪದ್ಧತಿ ಇಷ್ಟೇ. ಸೊಸೆಯಾಗಿ ಬಂದವಳಿರಲಿ, ಇಲ್ಲೇ ಹುಟ್ಟಿ ಮಾತು ಕಲಿತ ಕೂಸಿರಲಿ, ಒಂದು ದಿನ ದೊಡ್ಡ ಹೊಸ್ತಿಲ ಮೇಲೆ ನಿಂತು ಈ ಮನೆ ಹೇಗಾಯಿತೆಂದು ಎಲ್ಲರ ಎದುರು ಹೇಳಬೇಕು. ಅದಕ್ಕೆ ನಾವು ಹೇಳಿಕೆ ಎನ್ನುತ್ತೇವೆ. ಬೆಳಗ್ಗೆ ಹೇಳಿಕೆಯಾದರೆ ದೀಪ ಹಚ್ಚುವ ಹೊತ್ತಿಗೆ ಬಂಡೆಯೊಳಗೆ ಎಲ್ಲೋ ಒಂದು ಕಡೆ ಆ ಕಥೆಗೆ ತಕ್ಕ ಕೋಣೆ ತೆರೆದಿರುತ್ತದೆ. ಒಬ್ಬರಿಗೆ ಒಂದೇ ಹೇಳಿಕೆ. ನಾಲಿಗೆ ತಪ್ಪಿತು, ಇನ್ನೊಮ್ಮೆ ಹೇಳುತ್ತೇನೆ ಎಂದರೆ ನಡೆಯುವುದಿಲ್ಲ. ಬಾಯಿಂದ ಏನು ಬಂತೋ ಸಾಯುವತನಕ ಅದರಲ್ಲೇ ಬಾಳಬೇಕು.

ಹಾಗಾಗಿ ಇಲ್ಲಿನ ಜನ ಮಾತಾಡುವಾಗ ಬಹಳ ಹುಷಾರು. ನಮ್ಮ ಮಾವನ ಅಜ್ಜಿ ತವರಿನಿಂದ ಬರುವಾಗಲೇ ಮೂಗಿನ ತುದಿಯಲ್ಲಿ ಜಂಬ ಇಟ್ಟುಕೊಂಡು ಬಂದವಳಂತೆ. ಸಾವಿರ ಕಂಬದ ಅರಮನೆ ಕಟ್ಟಿಸಿದ ರಾಜನ ಕಥೆ ಹೇಳಿದಳು. ಸಿಕ್ಕಿತು ಸಾವಿರ ಕಂಬದ ಕೋಣೆ. ಒಂದು ಮೂಲೆಯಿಂದ ಕಸ ಗುಡಿಸಲು ಶುರು ಮಾಡಿದರೆ ಇನ್ನೊಂದು ಮೂಲೆ ಮುಟ್ಟುವುದರೊಳಗೆ ಮೊದಲ ಮೂಲೆಯಲ್ಲಿ ಮತ್ತೆ ಧೂಳು. ಕೊನೆಗೆ ಅವಳು ಬಾಗಿಲ ಬಳಿಯೇ ಚಾಪೆ ಹಾಸಿಕೊಂಡು ಜೀವ ಸವೆಸಿದಳು, ಈಗ ಅಲ್ಲಿ ಬಾವಲಿಗಳು ಸಂಸಾರ ಮಾಡಿಕೊಂಡಿವೆ. ಸಿಡಿಲು ಹೊಡೆದು ಮನೆಯಾಯಿತು ಎಂದವಳ ಕೋಣೆ ಅಂಕುಡೊಂಕಾಗಿ ಇವತ್ತಿಗೂ ಒಂದು ಮಂಚ ಒಳಗೆ ಹೋಗಿಲ್ಲ. ಜೇನುಹುಳು ಕೊರೆದವು ಎಂದವಳದು ನೋಡಲು ಚಂದ, ಆದರೆ ವರ್ಷವಿಡೀ ಇರುವೆ ಕಾಟ. ನನ್ನ ಗಂಡ ಚಿಕ್ಕವನಿದ್ದಾಗ, ಊಟ ತಡವಾಗಿದ್ದಕ್ಕೆ ಸಿಟ್ಟಾದ ರಾಕ್ಷಸ ಬಂಡೆಗೆ ಒದ್ದ ಎಂದಿದ್ದನಂತೆ. ಆ ಕೋಣೆ ಪಾದದ ಆಕಾರದಲ್ಲಿದೆ. ಹೆಬ್ಬೆರಳಿನ ಕಡೆ ನಾವು ಜೋಳದ ಚೀಲ ಇಡುತ್ತೇವೆ.

ಇನ್ನೊಬ್ಬರ ಕಥೆಯನ್ನು ಕದ್ದು ಹೇಳಿದರೂ ಬಂಡೆ ಕಿವಿಗೊಡುವುದಿಲ್ಲ. ಸತ್ತೆವ್ವ ಎಂಬ ಸೊಸೆಯೊಬ್ಬಳು ಅತ್ತೆಯ ಮೇಲಿನ ಗೌರವದಿಂದ ಅತ್ತೆಯದೇ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ದೀಪ ಹಚ್ಚಿ ಮನೆಯೆಲ್ಲ ಹುಡುಕಿದರೂ ಹೊಸದಾಗಿ ಒಂದು ಗೂಡು ಕೂಡ ಕಾಣಿಸಲಿಲ್ಲ. ಕೋಣೆ ಸಿಗದವರು ಬಂಡೆಮನೆಯವರಲ್ಲ ಎಂಬುದು ಹಿರಿಯರ ಮಾತು. ಬರುವ ಅಮಾವಾಸ್ಯೆಯೊಳಗೆ ಗಂಟು ಕಟ್ಟಿಕೊಂಡು ಹೋಗಬೇಕು. ಸತ್ತೆವ್ವ ಅಳುತ್ತಾ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಷ್ಟು ಹೇಳಿದ್ದು ನನ್ನ ಮೈದುನ ಮಾಳಪ್ಪನ ಪಾಡು ನಿಮಗೆ ತಿಳಿಯಲಿ ಎಂದು. ಅವನಿಗೆ ಐದು ವರ್ಷವಿದ್ದಾಗ ನಮ್ಮತ್ತೆ ಹಾಲವ್ವ ಮತ್ತೆ ದಿನ ತುಂಬಿದ್ದಳು. ಅವಳ ಕೋಣೆ ಚಿಕ್ಕದು, ಒಬ್ಬ ಕುರುಬರ ಮುದುಕ ಉಗುರಿನಿಂದ ಕೆರೆದದ್ದು. ಬಾಣಂತಿ, ಕೂಸು, ಜೊತೆಗೆ ಈ ಹುಡುಗ, ಮೂವರಿಗೂ ಜಾಗ ಸಾಲುವುದಿಲ್ಲವೆಂದು ಮಾಳಪ್ಪನ ಹೇಳಿಕೆಯನ್ನು ಬೇಗ ಮಾಡಿ ಮುಗಿಸಿಬಿಡೋಣ ಎಂದುಕೊಂಡರು. ಸ್ನಾನ ಮಾಡಿಸಿ, ತಲೆಗೆ ಎಣ್ಣೆ ಹಚ್ಚಿ, ಹೊಸ್ತಿಲ ಮೇಲೆ ನಿಲ್ಲಿಸಿದರು. ಈ ಮನೆ ಕೊರೆದವರು ಯಾರು ಎಂದು ಕೇಳಿದ್ದಕ್ಕೆ ಹುಡುಗ, "ಇಲಿ" ಅಂದ. ಜನ ಹೋ ಎಂದು ನಕ್ಕರು. ಅತ್ತೆಯಂತೂ ತುಂಬಿದ ಹೊಟ್ಟೆ ಹಿಡಿದುಕೊಂಡು, ನಿಲ್ಲಲಾಗದೆ ಗೋಡೆಗೆ ಒರಗಿ ಕೂತು ನಕ್ಕಳಂತೆ. ಹುಡುಗ ಬಾಯಿ ಮುಚ್ಚಿದವನು ಮುಂದೇನೂ ಹೇಳಲಿಲ್ಲ. ಸಂಜೆ ನೋಡಿದರೆ ಕಾಳು ತುಂಬಿಡುವ ಹಗೇವಿನ ಪಕ್ಕದ ಗೋಡೆಯ ಬುಡದಲ್ಲಿ ಒಂದು ಬಿಲ. ದೊಡ್ಡ ಬಿಲ ಅನ್ನಿ, ಆದರೂ ಬಿಲವೇ.

ನಾನು ಈ ಮನೆಗೆ ಬಂದಾಗ ಅವನಿಗೆ ಮೀಸೆ ಬಂದಿತ್ತು. ಮಲಗಿದರೆ ತಲೆ, ಎದೆ, ಹೊಟ್ಟೆ ಬಿಲದೊಳಗೆ, ಮೊಣಕಾಲಿನಿಂದ ಕೆಳಗೆ ಕೋಣೆಗಳ ನಡುವಿನ ಓಣಿಯಲ್ಲಿ. ನೀರು ತರುವ ಹೆಂಗಸರು ಅವನ ಕಾಲು ಎಡವಿ ಬೈದುಕೊಂಡು ಹೋಗುತ್ತಿದ್ದರು. ಹಬ್ಬದ ಊಟಕ್ಕೆ ಕೂತಾಗ ಯಾರಾದರೊಬ್ಬರು ಇಲಿಯ ಮಾತು ತೆಗೆಯಲೇಬೇಕು, ಎಲ್ಲರೂ ನಗಲೇಬೇಕು, ಅತ್ತೆ ತಾನು ಹೇಗೆ ನಕ್ಕಿದ್ದೆ ಎಂದು ಮಾಡಿ ತೋರಿಸಲೇಬೇಕು. ಮಾಳಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಕಂಬಳಿ ನೇಯುವುದರಲ್ಲಿ ಅವನ ಸಮ ಯಾರಿಲ್ಲ, ನೀರು ಸುರಿದರೆ ಹನಿ ಜಾರಿ ಬೀಳಬೇಕು ಅಂಥ ಕಂಬಳಿ. ಆದರೆ ಮಗ್ಗ ಇಟ್ಟುಕೊಳ್ಳಲು ಜಾಗವಿಲ್ಲದೆ ಹೊರಗೆ ಬೇವಿನ ಮರದ ಕೆಳಗೆ ನೇಯುತ್ತಿದ್ದ. ಹೆಣ್ಣು ಕೊಡಲು ಬಂದವರು ಕಂಬಳಿ ನೋಡಿ ಹಿಗ್ಗಿ, ಬಿಲ ನೋಡಿ ಎದ್ದು ಹೋಗುತ್ತಿದ್ದರು. ಬರುವ ಸೊಸೆ ತನ್ನ ಹೇಳಿಕೆಯಿಂದ ಬೇರೆ ಕೋಣೆ ಪಡೆಯುತ್ತಾಳಲ್ಲ ಎಂದು ನಾವು ಎಷ್ಟು ಹೇಳಿದರೂ ಕೇಳುವವರಿಲ್ಲ. ಇಲಿ ಬಿಲದವನ ಹೆಂಡತಿ ಎಂಬ ಹೆಸರು ಯಾರಿಗೆ ಬೇಕು? ಹೀಗೆ ಅವನಿಗೆ ಮೂವತ್ತೈದು ದಾಟಿತು.

ಇವನಿಗೆ ಮದುವೆ ಮಾಡಿಸದಿದ್ದರೆ ನನ್ನ ಹೆಸರು ಲಗಮವ್ವ ಅಲ್ಲ ಎಂದು ಅತ್ತೆಯ ಮುಂದೆ ಹೇಳಿದೆ. ಹೇಳಿದ ಮೇಲೆ ಸುಮ್ಮನೆ ಕೂರುವ ಪೈಕಿ ನಾನಲ್ಲ. ಹೊಳೆಯಾಚೆಯಿಂದ ಉಣ್ಣೆ ತಂದು ಮಾರುವ ತಾಯಿ ಮಗಳಿದ್ದರು. ಮಗಳು ಕೆಂಚವ್ವನಿಗೂ ವಯಸ್ಸು ಮೀರಿತ್ತು, ಎದುರು ಮಾತಾಡುತ್ತಾಳೆಂದು ಬಂದ ಗಂಡುಗಳೆಲ್ಲ ವಾಪಸು ಹೋಗಿದ್ದವು. ಒಂದು ದಿನ ನಾನು ಉಣ್ಣೆ ಚೌಕಾಸಿ ಮಾಡಹೋಗಿ ಅವಳ ಬಾಯಿಗೆ ಸಿಕ್ಕು ಸೋತೆ. ನನ್ನನ್ನೇ ಸೋಲಿಸಿದವಳು ಬಂಡೆಯನ್ನು ಒಪ್ಪಿಸದೆ ಬಿಟ್ಟಾಳೆಯೇ ಎನ್ನಿಸಿತು. ಅಲ್ಲೇ ಮಾತು ತೆಗೆದೆ.

ತಾಯಿ ಮಗಳು ನಮ್ಮ ಮನೆ ನೋಡಲು ಬಂದ ದಿನ ನಾವು ಅವಲಕ್ಕಿ ಒಗ್ಗರಣೆ ಹಾಕಿ ಚಾಪೆ ಹಾಸಿದ್ದೆವು. ಕೆಂಚವ್ವ ಚಾಪೆಯ ಮೇಲೆ ಕೂರಲಿಲ್ಲ. "ಮೊದಲ ಆ ಬಿಲಾ ತೋರಸ್ರಿ," ಅಂದಳು. ತೋರಿಸಿದೆವು. ಸೆರಗು ಸೊಂಟಕ್ಕೆ ಸಿಗಿಸಿ ಮೊಣಕಾಲೂರಿ ಒಳಗೆ ಹೋದವಳು ಅವಲಕ್ಕಿ ಆರಿದರೂ ಬರಲಿಲ್ಲ. ಅವಳ ತಾಯಿ ನನ್ನ ಮುಖ ನೋಡಿದಳು, ನಾನು ಸೂರು ನೋಡಿದೆ. ಕೊನೆಗೆ ತಲೆಗೂದಲಿಗೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು ಹೊರಬಂದಳು. ಮೂಲೆಯಲ್ಲಿ ನಿಂತಿದ್ದ ಮಾಳಪ್ಪನನ್ನು ನೇರವಾಗಿ ಕೇಳಿದಳು.

"ಆ ಇಲಿ ಯಾಕ ಕೊರೀತ್ರಿ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಾಳಪ್ಪ ತಲೆಯೆತ್ತಿ ಮೊದಲ ಸಲ ಒಬ್ಬ ಹೆಣ್ಣಿನ ಮುಖ ನೋಡಿದ. "ಹೇಳಾಕ ಬಿಡಲಿಲ್ಲರಿ," ಅಂದ.

"ಅದರಾಗೇನ ಇತ್ತ ಹೇಳೂದು, ಹುಡುಗರ ಮಾತು," ಎಂದು ಅತ್ತೆ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಮನೆಯಲ್ಲಿ ನೀರು ತುಂಬಿಯೇ ಇತ್ತು.

ಮದುವೆ ನಿಶ್ಚಯವಾಯಿತು. ಕೆಂಚವ್ವನ ತಾಯಿಗೆ ಒಂದೇ ಅಂಜಿಕೆ. "ನನ್ನ ಮಗಳು ಆ ಬಿಲದಾಗ ಬಾಳ್ವೆ ಮಾಡಬಾರದವ್ವಾ," ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಎದೆ ತಟ್ಟಿ ಮಾತು ಕೊಟ್ಟೆ, "ನನ್ನ ಕೋಣಿಗಿಂತ ದೊಡ್ಡದು ಕೊಡಸ್ತೀನಿ. ಚಿಂತಿ ಬಿಡ್ರಿ." ಕೊಟ್ಟ ಮೇಲೆ ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಅದೇ ಯೋಚನೆ. ಕಡೆಗೊಂದು ಕಥೆ ಕಟ್ಟಿದೆ. ಕುಂಬಾರಗಿತ್ತಿಯೊಬ್ಬಳು ಈ ಗುಡ್ಡವನ್ನೇ ತಿಗುರಿಯ ಮೇಲಿಟ್ಟು ತಿರುಗಿಸಿದಳು, ಒಳಗೆ ಕೈ ಹಾಕಿ ಹದವಾಗಿ ಅಗಲ ಮಾಡಿದಳು, ಹೊಗೆ ಹೋಗಲು ನೆತ್ತಿಯಲ್ಲಿ ಹೆಬ್ಬೆರಳಿನಿಂದ ತೂತು ಒತ್ತಿದಳು, ಅವಳ ಗಂಡ ನೇಕಾರನಾದ್ದರಿಂದ ಮಗ್ಗಕ್ಕೆಂದು ಒಂದು ಪಕ್ಕ ತಟ್ಟಿ ಸಮ ಮಾಡಿದಳು. ಎಷ್ಟು ಬೇಕೋ ಅಷ್ಟು, ಗುಡಿಸಲು ಸುಲಭ, ಮಂಚ ಹೋಗುತ್ತದೆ, ಇರುವೆ ಬರುವುದಿಲ್ಲ, ಹೊಸ್ತಿಲ ಮೇಲೆ ಯಾರೂ ಹೇಳಿರದ ಕಥೆಯಾದ್ದರಿಂದ ಕದ್ದದ್ದೂ ಆಗುವುದಿಲ್ಲ. ಬಂಡೆಮನೆಯಲ್ಲಿ ಇಷ್ಟು ಚೊಕ್ಕ ಹೇಳಿಕೆಯನ್ನು ಯಾರೂ ಕಟ್ಟಿರಲಿಕ್ಕಿಲ್ಲ. ಕೆಂಚವ್ವನಿಗೆ ಕಲಿಸಿದೆ. ಅವಳು ಮೂರೇ ದಿನದಲ್ಲಿ ತಪ್ಪಿಲ್ಲದೆ ಹೇಳಿ ತೋರಿಸಿದಳು. "ಛಲೋ ಐತೆಕ್ಕಾ," ಅಂದಳು. ಹೇಳುತ್ತೇನೆ ಎಂದು ಮಾತ್ರ ಅನ್ನಲಿಲ್ಲ. ನಾನು ಅದನ್ನು ಗಮನಿಸಬೇಕಿತ್ತು, ಆದರೆ ಕಥೆ ಚೆನ್ನಾಗಿದೆ ಅಂದಳಲ್ಲ ಎಂಬ ಖುಷಿಯಲ್ಲಿದ್ದೆ.

ಮದುವೆಯ ಮಾರನೇ ಬೆಳಗ್ಗೆ ಹೇಳಿಕೆ. ಹೊಸ್ತಿಲ ಕಾಯುವ ಭರಮಜ್ಜ ರುಮಾಲು ಸುತ್ತಿ ಕಂಬಕ್ಕೆ ಒರಗಿ ಕೂತ. ತಲೆತಲಾಂತರದಿಂದ ಪ್ರಶ್ನೆ ಕೇಳುವ ಹಕ್ಕು ಅವನ ಮನೆತನದ್ದು. ಓಣಿ ತುಂಬ ಜನ. ಕೆಂಚವ್ವನ ತಾಯಿಯನ್ನು ನಾನು ಮುಂದಿನ ಸಾಲಿನಲ್ಲೇ ಕೂರಿಸಿದ್ದೆ, ನನ್ನ ಮಾತು ನಿಂತದ್ದನ್ನು ಹತ್ತಿರದಿಂದ ನೋಡಲಿ ಎಂದು.

"ಹೇಳವ್ವಾ, ಈ ಮನಿ ಕೊರದವರು ಯಾರು?" ಎಂದ ಭರಮಜ್ಜ.

ಕೆಂಚವ್ವ ಸೆರಗು ಸರಿಮಾಡಿಕೊಂಡು ನಿಂತು, ಸ್ಪಷ್ಟವಾಗಿ ಅಂದಳು, "ಇಲಿ."

ಓಣಿಗೆ ಓಣಿಯೇ ನಕ್ಕಿತು. ಮಾಳಪ್ಪ ಗೋಡೆಗೆ ಅಂಟಿಕೊಂಡ. ಕೆಂಚವ್ವ ನಗಲಿಲ್ಲ, ಅಳಲಿಲ್ಲ, ನಗು ತಾನಾಗಿ ಮುಗಿಯುವವರೆಗೆ ಸುಮ್ಮನೆ ನಿಂತಿದ್ದಳು. ನಗುತ್ತಿದ್ದವರಿಗೇ ಕಡೆಗೆ ಮುಜುಗರವಾಗಿ ಒಬ್ಬೊಬ್ಬರೇ ನಿಲ್ಲಿಸಿದರು.

"ಅವರು ಆವತ್ತ ಹೇಳಿದ್ದು ಖರೇ ಐತಿ," ಅಂದಳು. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. "ಆದರ ಅರ್ಧಾ ಹೇಳ್ಯಾರ. ನೀವು ನಕ್ಕು ನಿಲ್ಲಿಸಿಬಿಟ್ಟೀರಿ. ಉಳಿದ ಅರ್ಧಾ ನಾ ಹೇಳೂದಿಲ್ಲ. ಕೂತು ಕೇಳತೀನಿ."

ಭರಮಜ್ಜ ಎದ್ದು ನಿಂತ. "ತಂಗೀ, ಕೇಳೂದು ಹೇಳಿಕಿ ಆಗೂದಿಲ್ಲ. ಅದು ಅವನ ಕಥಿ. ನಿನಗಿರೂದು ಒಂದ ಹೇಳಿಕಿ. ಕೋಣಿ ಸಿಗಲಿಲ್ಲಂದ್ರ ಅಮಾಸಿಗೆ ನೀ ಹೊಂಡಬೇಕಾಗತೈತಿ. ವಿಚಾರ ಮಾಡಿ ಮಾತಾಡು."

"ವಿಚಾರ ಮಾಡೇನ್ರಿ ಅಜ್ಜಾ. ಕಥಿ ಹೇಳಾವರ ಮುಂದ ಹೂಂ ಅನ್ನಾವರು ಒಬ್ಬರು ಬೇಕಲ್ರಿ. ನಂದು ಆ ಹೂಂ ಅಷ್ಟ. ತಿಳಕೋರಿ, ಹೇಳಿಕಿ ಆತು ಅಂತ."

ಹೊಸ್ತಿಲು ಇಳಿದವಳೇ ಜನರ ನಡುವೆ ದಾರಿ ಮಾಡಿಕೊಂಡು ಹಗೇವಿನ ಕಡೆ ನಡೆದಳು. ಗಂಡನ ಪಕ್ಕ ಬಂದಾಗ "ಬರ್ರಿ" ಅಂದಳು, ಅಷ್ಟೇ. ಮಾಳಪ್ಪ ಹೋದ. ಇಬ್ಬರೂ ಮೊಣಕಾಲೂರಿ ಬಿಲದೊಳಗೆ ತೂರಿದರು. ಓಣಿಯಲ್ಲಿ ನಾಲ್ಕು ಪಾದ ಉಳಿದವು, ಎರಡು ಒಡೆದ ಹಿಮ್ಮಡಿಯವು, ಎರಡು ಅರಿಸಿನ ಹಚ್ಚಿ ಹೊಸ ಕಾಲುಂಗುರ ತೊಟ್ಟವು.

ಕೆಂಚವ್ವನ ತಾಯಿ ನನ್ನ ಕಡೆ ತಿರುಗಿದಳು. "ಇದ ಏನವ್ವಾ ನೀ ಕೊಡಸ್ತೀನಿ ಅಂದ ಕೋಣಿ?" ನನ್ನ ಕುಂಬಾರಗಿತ್ತಿ, ನನ್ನ ಹೊಗೆಗಿಂಡಿ, ಮಗ್ಗದ ಜಾಗ, ಎಲ್ಲ ನೀರಿಗೆ ಹೋದವು. ಅದಕ್ಕಿಂತ ಹೆಚ್ಚಾಗಿ, ಈ ಹುಡುಗಿ ಸತ್ತೆವ್ವನ ಹಾಗೆ ಗಂಟು ಹೊತ್ತು ಹೋಗುವುದನ್ನು ಮಾಳಪ್ಪ ನೋಡಬೇಕಲ್ಲ ಎನ್ನಿಸಿತು. ಒಬ್ಬನೇ ಇದ್ದವನಿಗೆ ಒಬ್ಬನೇ ಇರುವುದು ರೂಢಿಯಾಗಿತ್ತು. ಒಂದು ದಿನದ ಮಟ್ಟಿಗೆ ಜೊತೆ ಕೊಟ್ಟು ಕಸಿದುಕೊಂಡರೆ ಅವನು ಮತ್ತೆ ಏಳುತ್ತಿರಲಿಲ್ಲ.

ಜನ ಸ್ವಲ್ಪ ಹೊತ್ತು ನಿಂತು ನೋಡಿದರು. ಬಿಲದೊಳಗಿಂದ ಮಾಳಪ್ಪನ ದನಿ, ಮಾತು ತಿಳಿಯದಷ್ಟು ಸಣ್ಣಗೆ. ನಡುನಡುವೆ ಕೆಂಚವ್ವನ "ಹೂಂ". ಆಮೇಲೆ ಅವನ ದನಿ, ಮತ್ತೆ "ಹೂಂ". ಅವನು ಅಷ್ಟು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಭರಮಜ್ಜ ಗೋಡೆ ಮುಟ್ಟಿ ನೋಡಿ, ಏನೂ ತೆರೆದಿಲ್ಲವೆಂದು ತಲೆಯಾಡಿಸಿದ. ಊಟದ ಹೊತ್ತಾಗಿ ಎಲ್ಲರೂ ಚದುರಿದರು. ಕೆಂಚವ್ವನ ತಾಯಿ ಮಾತ್ರ ಮುನಿಸಿಕೊಂಡು ಉಣ್ಣದೆ ಕೂತಳು, ಅವಳ ಪಕ್ಕದಲ್ಲಿ ನಾನೂ ಉಣ್ಣದೆ ಕೂತೆ. ಮಾತು ಕೊಟ್ಟವಳು ಬೇರೇನು ಮಾಡಲಿ?

ಅತ್ತೆ ಸ್ವಲ್ಪ ದೂರದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಬಿಲದ ಕಡೆ ಬೆನ್ನು. ನಾನು ಬಹಳ ಹೊತ್ತು ನೋಡಿದೆ. ಕೇರಿದ ಜೋಳವನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಮತ್ತೆ ಕೇರುತ್ತಿದ್ದಳು, ಅದರಲ್ಲಿ ಹೊಟ್ಟಿನ ಹೆಸರೇ ಇರಲಿಲ್ಲ. ಒಳಗಿನ ದನಿ ಜೋರಾದಾಗ ಅವಳ ಕೈ ನಿಲ್ಲುತ್ತಿತ್ತು. ದನಿ ಇಳಿದಾಗ ಮತ್ತೆ ಮೊರ ಆಡುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ನನಗೆ ಮಂಪರು ಬಂದಿರಬೇಕು. ಕೆಂಚವ್ವನ ತಾಯಿ ನನ್ನ ತೋಳು ಚಿವುಟಿದಳು. "ನೋಡಬೇ," ಅಂದಳು. ಓಣಿಯಲ್ಲಿ ಎರಡೇ ಪಾದಗಳಿದ್ದವು, ಒಡೆದ ಹಿಮ್ಮಡಿಯವು. ಕಾಲುಂಗುರದ ಪಾದಗಳು ಒಳಗೆ ಸರಿದಿದ್ದವು. ನಾವು ನೋಡುತ್ತಿದ್ದಂತೆಯೇ ಮಾಳಪ್ಪನ ಪಾದಗಳೂ ನಿಧಾನವಾಗಿ, ಎಳೆದುಕೊಂಡ ಹಾಗಲ್ಲ, ಜಾಗ ಸಿಕ್ಕ ಮನುಷ್ಯ ಕಾಲು ಮಡಚಿಕೊಳ್ಳುವ ಹಾಗೆ, ಒಳಗೆ ಹೋದವು. ಇಷ್ಟು ವರ್ಷ ನಾವೆಲ್ಲ ಎಡವಿದ ಕಾಲುಗಳು. ಅವನು ಬಿಲದಲ್ಲಿದ್ದೂ ಓಣಿಯ ಆ ನೆಲ ಬರಿದಾಗಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ನಾನು ಕೂಗಿದ ಕೂಗಿಗೆ ಮನೆ ಮಂದಿಯೆಲ್ಲ ಓಡಿ ಬಂದರು. ಬಿಲದ ಬಾಯಿ ಮಾತ್ರ ಮೊದಲಿನಷ್ಟೇ ಇತ್ತು, ಒಂದು ಬೆರಳಷ್ಟೂ ಹಿಗ್ಗಿರಲಿಲ್ಲ. ನಾನೇ ಮೊದಲು ಬಗ್ಗಿದೆ. ನನ್ನ ಮೈ ನಿಮಗೆ ಗೊತ್ತಿಲ್ಲ, ತೆಳ್ಳಗಿನ ಮೈಯಲ್ಲ. ಅಂಬೆಗಾಲಿಟ್ಟು, ಭುಜ ತರಚಿಕೊಂಡು, ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದೆ. ಬಂದು ಎದ್ದು ನಿಂತೆ. ಹೌದು, ನಿಂತೆ. ಕೈ ಮೇಲೆತ್ತಿದರೂ ಸೂರು ಸಿಗಲಿಲ್ಲ. ಗೋಡೆಯ ತುಂಬ ಸಣ್ಣ ಸಣ್ಣ ಗೀರು, ಯಾವುದೋ ಪುಟ್ಟ ಬಾಯಿ ತಿಂಗಳುಗಟ್ಟಲೆ ತಾಳ್ಮೆಯಿಂದ ಕಡಿದ ಹಾಗೆ. ಎರಡು ಮಗ್ಗ ಹಾಕಬಹುದಾದಷ್ಟು ಅಗಲ. ಮೇಲೊಂದು ಕಡೆಯಿಂದ ಸಂಜೆಯ ಗಾಳಿ ಬೀಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅದು ನನ್ನ ಕೋಣೆಗಿಂತ ದೊಡ್ಡದಾಗಿತ್ತು, ನನ್ನ ಕೋಣೆಗಿಂತ ಚೆನ್ನಾಗಿತ್ತು. ನನ್ನ ಮಾತು ನಿಂತಿತು, ನನ್ನಿಂದ ನಿಲ್ಲಲಿಲ್ಲ ಅಷ್ಟೇ. ಕೆಂಚವ್ವನ ಹೂಂಗೆ ಬಂಡೆ ಒಪ್ಪಿತ್ತು, ಇನ್ನು ಅಮಾವಾಸ್ಯೆಗೆ ಅವಳು ಗಂಟು ಕಟ್ಟಬೇಕಿರಲಿಲ್ಲ.

ಅವರಿಬ್ಬರೂ ಗೋಡೆಗೆ ಒರಗಿ ಕೂತಿದ್ದರು. ಕೆಂಚವ್ವ ನನ್ನ ಕಡೆ ತಿರುಗದೆ ಕೈ ಸನ್ನೆಯಲ್ಲಿ ಸುಮ್ಮನಿರು ಅಂದಳು. ಮಾಳಪ್ಪ ಕಡೆಯ ಮಾತು ಹೇಳಿದ. ಅವಳು "ಹೂಂ" ಅಂದಳು. ಆಮೇಲೆ ಇಬ್ಬರೂ ಸುತ್ತ ನೋಡಿ, ಆಗಷ್ಟೇ ಕೋಣೆಯನ್ನು ಕಂಡವರಂತೆ ನಕ್ಕರು.

ಹಿಂದೆ ಏನೋ ಸಪ್ಪಳವಾಯಿತು. ತಿರುಗಿ ನೋಡಿದರೆ ಬಿಲದ ಬಾಯಲ್ಲಿ ನಮ್ಮತ್ತೆ ಹಾಲವ್ವ. ಎಪ್ಪತ್ತರ ಹತ್ತಿರದ ಜೀವ, ಎರಡು ಮೊಣಕೈ ಊರಿ, ತಲೆ ಮತ್ತು ಎದೆ ಒಳಗೆ, ಉಳಿದದ್ದು ಓಣಿಯಲ್ಲಿ. ಮಗನ ಬಿಲದೊಳಗೆ ಅವಳು ಒಮ್ಮೆಯೂ ಬಗ್ಗಿ ನೋಡಿದವಳಲ್ಲ. ಎಳೆಯಲೇ ಎಂದು ಕೈ ಚಾಚಿದೆ. "ಬ್ಯಾಡ," ಅಂದಳು. ಕೋಣೆಯನ್ನು ನೋಡಲಿಲ್ಲ. ಮಗನನ್ನೇ ನೋಡಿದಳು.

"ಮಾಳ್ಯಾ, ಆವತ್ತ ನಾ ಭಾಳ ನಕ್ಕೆ," ಅಂದಳು. "ಈಗ ನಗೂದಿಲ್ಲ. ನನಗೂ ಹೇಳು. ಮೊದಲಿಂದ ಹೇಳು."

ಮಾಳಪ್ಪ ಹೆಂಡತಿಯ ಮುಖ ನೋಡಿದ. ಕೆಂಚವ್ವ ಎದ್ದು ಬಂದು ನನ್ನ ಪಕ್ಕ ನಿಂತಳು. ಅವನು ನೆಲದ ಮೇಲೆ ತೆವಳಿಕೊಂಡು ಹೋಗಿ ತಾಯಿಯ ಮುಖದೆದುರು ಕೂತ.

"ಒಂದ ಇಲಿ ಇತ್ತವ್ವಾ," ಅಂದ.

"ಹೂಂ," ಅಂದಳು ಅತ್ತೆ.

"ಅದರವ್ವ ಬಸರಿದ್ಲು. ಎಲ್ಲಾರಿಗೂ ಮನಿ ಸಾಲೂದಿಲ್ಲ, ನನ್ನ ಹೊರಗ ಹಾಕತಾರ ಅಂತ ಅಂಜಿ, ಇಲಿ ದೊಡ್ಡ ಮನಿ ಕೊರಿಯಾಕ ಸುರು ಮಾಡ್ತು. ಅವ್ವ, ಕೂಸು, ತಾನು, ಮೂರೂ ಮಂದಿ ಕೂಡೇ ಇರೂವಂಥಾ ಮನಿ."

ಅತ್ತೆಗೆ ಹೂಂ ಅನ್ನಲು ಬಹಳ ಹೊತ್ತು ಹಿಡಿಯಿತು. ಮಾಳಪ್ಪ ಅವಸರ ಮಾಡದೆ ಕಾದ.